ಟೈಲರಮ್ಮ ಪಿಸ್ತೂಲಿಗೆ ಅಳತೆ ತೆಗೆದದ್ದು

ಆ ಬೀದಿಯಲ್ಲಿ ಯಾರ ಸೊಂಟ ದಪ್ಪವಾದರೂ, ಯಾರ ಭುಜ ಇಳಿದರೂ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಟೈಲರಮ್ಮನಿಗೆ. ಡಾಕ್ಟರಿಗಿಂತ ಮೊದಲು, ಕೆಲವು ಮನೆಗಳಲ್ಲಿ ಹೆಂಡತಿಗಿಂತಲೂ ಮೊದಲು. ಔಷಧದಂಗಡಿಗೂ ಬೀಗ ರಿಪೇರಿಯವನ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಅವಳ ಕೋಣೆ ಎಷ್ಟು ಕಿರಿದೆಂದರೆ, ಕೋಟಿನ ಅಳತೆ ಕೊಡಲು ಬಂದವರು ಎರಡೂ ಕೈ ಚಾಚಿದರೆ ಒಂದು ಕೈ ಬೀದಿಗೆ ಹೋಗುತ್ತಿತ್ತು. ದಾರಿಹೋಕರು ಎಷ್ಟೋ ಸಲ ಆ ಕೈಯನ್ನು ಕುಲುಕಿಯೂ ಹೋಗಿದ್ದುಂಟು. ಒಳಗೆ ಒಂದು ಕಬ್ಬಿಣದ ಹೊಲಿಗೆ ಯಂತ್ರ, ಒಂದು ಮೇಜು, ಉದ್ದ ಕನ್ನಡಿ, ಯಂತ್ರದ ಪಕ್ಕಕ್ಕೆ ಚಿಂದಿಯ ಬುಟ್ಟಿ. ಟೈಲರಮ್ಮನ ಕೊರಳಲ್ಲಿ ಸದಾ ಅಳತೆಯ ಟೇಪು. ಅದನ್ನು ತೆಗೆದಿಟ್ಟರೆ ಅವಳಿಗೆ ಏನೋ ಮರೆತು ಬಂದಂತೆ ಅನಿಸುತ್ತಿತ್ತು.

ಇಷ್ಟೆಲ್ಲ ಇದ್ದರೂ ಅಲ್ಲಿ ಅವಳದು ಅನ್ನುವುದು ಯಾವುದೂ ಇರಲಿಲ್ಲ. ಯಂತ್ರ ಅತ್ತೆಯದು. ಬೋರ್ಡಿನ ಮೇಲಿದ್ದದ್ದು ಗಂಡನ ಹೆಸರು, ಆ ಮಹಾಶಯರಿಗೋ ಸೂಜಿಗೆ ದಾರ ಪೋಣಿಸಲೂ ಬಾರದು. ದೊಡ್ಡ ಕತ್ತರಿಯೂ ಅತ್ತೆಯದೇ. ಅತ್ತೆಯದು ಮೊರದಗಲದ ಅಂಗೈ, ಸೊಸೆಯದು ಪುಟ್ಟ ಕೈ. ಹೊಂದದ ಹಿಡಿಯಲ್ಲಿ ಬೆರಳು ತುರುಕಿ ವರ್ಷಗಟ್ಟಲೆ ಬಟ್ಟೆ ಕತ್ತರಿಸಿದ್ದಕ್ಕೆ ಅವಳ ಬಲಗೈ ಮಣಿಕಟ್ಟಿನಲ್ಲಿ ಒಂದು ನೋವು ಮನೆ ಮಾಡಿಕೊಂಡು ಕೂತಿತ್ತು. ಅವಳು ತೊಡುತ್ತಿದ್ದ ಬಟ್ಟೆಗಳೂ ಅಷ್ಟೆ. ಗಿರಾಕಿಗಳು ಒಯ್ಯದೆ ಬಿಟ್ಟದ್ದು, ಅಳತೆ ತಪ್ಪಿದ್ದು, ತುಂಡುಗಳನ್ನು ಕೂಡಿಸಿದ್ದು. ಊರಿಗೆಲ್ಲ ಅಳತೆ ತೆಗೆಯುವ ಈ ಮಹಾರಾಯ್ತಿ ತನ್ನ ಅಳತೆಯನ್ನು ಒಮ್ಮೆಯೂ ತೆಗೆದಿರಲಿಲ್ಲ. ಇದನ್ನು ಯಾರಾದರೂ ಹೇಳಿದರೆ, "ನನಗೇನಂತೆ, ಯಂತ್ರದ ಹಿಂದೆ ಕೂತಿರೋಳು, ಯಾರು ನೋಡ್ತಾರೆ" ಅನ್ನುತ್ತಿದ್ದಳು. ಹಾಗೆ ಅನ್ನುವವರ ಮಾತನ್ನು ಪೂರ್ತಿ ನಂಬಬಾರದು ಅನ್ನುವುದು ನನ್ನ ಅಭಿಪ್ರಾಯ.

ಗಂಡ ಡ್ರೈವಿಂಗ್ ಮೇಷ್ಟ್ರು. ಕಲಿಯುವವರನ್ನು ಸ್ಟಿಯರಿಂಗಿಗೆ ಕೂರಿಸಿ ತಾವು ಪಕ್ಕದಲ್ಲಿ ಕೂರುತ್ತಿದ್ದರು. ಅವರ ಕಾಲಬುಡದಲ್ಲಿ ಇನ್ನೊಂದು ಬ್ರೇಕು. ಆ ಬ್ರೇಕಿನಿಂದ ಎಷ್ಟು ಜೀವ ಉಳಿದಿದೆಯೋ ಲೆಕ್ಕವಿಲ್ಲ, ಆದರೆ ಅದು ಮೇಷ್ಟ್ರ ಬಲಗಾಲಿಗೆ ಅಂಟಿಕೊಂಡುಬಿಟ್ಟಿತ್ತು. ಹೆಂಡತಿ ಬಿಸಿ ಹಾಲು ಬಗ್ಗಿಸಿದರೂ ಟಪ್ಪನೆ ಬ್ರೇಕು, ಅಮ್ಮ ಮೆಟ್ಟಿಲಿಳಿದರೂ ಬ್ರೇಕು. ನಿದ್ದೆಯಲ್ಲೂ ಒತ್ತುತ್ತಾರೆಂದು ಟೈಲರಮ್ಮ ಹೇಳುತ್ತಿದ್ದಳು, ಹೊದಿಕೆ ಹರಿದದ್ದು ಹೀಗೆಯೇ ಎಂದು ತೋರಿಸುತ್ತಲೂ ಇದ್ದಳು.

ಇಂಥ ಮನೆಗೆ ಪಿಸ್ತೂಲಿನ ಮಾತು ಬಂದದ್ದು ಕೋಟಿನ ದಾರಿಯಲ್ಲಿ. ಊರಾಚೆ, ಪಾಳುಬಿದ್ದ ಇಟ್ಟಿಗೆ ಗೂಡಿನ ಹಿಂದೆ ಒಂದು ಶೂಟಿಂಗ್ ಕ್ಲಬ್ಬಿತ್ತು. ರೈಫಲ್ ಹೊಡೆಯುವವರು ತೊಡುವ ಕ್ಯಾನ್ವಾಸ್ ಕೋಟು ರಟ್ಟಿನಷ್ಟು ಗಟ್ಟಿ. ಹರಿದರೆ ಹೊಲಿಯಲು ಯಾವ ಟೈಲರೂ ಒಪ್ಪುತ್ತಿರಲಿಲ್ಲ. ಅತ್ತೆಯ ಕಬ್ಬಿಣದ ಯಂತ್ರ ಮಾತ್ರ ಅದನ್ನು ಬೆಣ್ಣೆಯಂತೆ ಹೊಲಿದು ಹಾಕಿತು. ಆ ಕೋಟು ಮೈಗೆ ಸರಿಯಾಗಿ ಕೂರಬೇಕಾದರೆ ತೊಟ್ಟವರು ಗುರಿಯಿಟ್ಟು ನಿಂತ ಭಂಗಿಯಲ್ಲೇ ಅಳತೆ ತೆಗೆಯಬೇಕು. ಹಾಗಾಗಿ ಟೈಲರಮ್ಮ ಭಾನುವಾರ ಟೇಪು ಹಿಡಿದು ಕ್ಲಬ್ಬಿಗೆ ಹೋಗತೊಡಗಿದಳು.

ಕ್ಲಬ್ಬಿನ ಮುಖ್ಯಸ್ಥೆ ನಿವೃತ್ತ ಹಲ್ಲಿನ ಡಾಕ್ಟರು. ಆಯುಷ್ಯವಿಡೀ ಜನರ ಬಾಯಿ ತೆರೆಸಿದ ಆ ಹಿರಿಯ ಹೆಂಗಸು ಈಗ ಬಾಯಿ ಮುಚ್ಚಿಸುವ ಕೆಲಸ ಹಿಡಿದಿದ್ದರು. ಅವರು ಹುಬ್ಬೇರಿಸಿದರೆ ಗುಂಡು ಹೊಡೆಯುವ ರೇಂಜಿನಲ್ಲಿ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಂದು ದಿನ ಅವರು, "ಕೋಟು ಹೊಲಿಯೋರು ಒಂದ್ಸಲ ಹೊಡೆದೂ ನೋಡ್ಬೇಕು, ಬನ್ನಿ" ಎಂದು ಕ್ಲಬ್ಬಿನ ಹಳೆಯ, ಸಣ್ಣ ಗುಂಡಿನ ಪಾಯಿಂಟ್ ಟೂ ಟೂ ಪಿಸ್ತೂಲನ್ನು ಅವಳ ಕೈಗೆ ಕೊಟ್ಟರು. ಎಲ್ಲರ ಕೈಯಲ್ಲಿ ಸವೆದ ಆ ಪಿಸ್ತೂಲಿಗೆ ಅಲ್ಲಿನವರು ಇಟ್ಟಿದ್ದ ಹೆಸರು ಮುದುಕಪ್ಪ. ಒಳಗೆಲ್ಲ ಮಸಿ. ಮುದುಕಪ್ಪನ ನಳಿಕೆಯನ್ನು ಕೊನೆಗೆ ಯಾರು ತೊಳೆದಿದ್ದರೆಂಬುದು ಯಾರಿಗೂ ನೆನಪಿರಲಿಲ್ಲ.

ಟೈಲರಮ್ಮ ನಿಂತಳು, ಎರಡೂ ಕೈಯಲ್ಲಿ ಹಿಡಿದಳು, ಉಸಿರು ಅರ್ಧಕ್ಕೆ ನಿಲ್ಲಿಸಿದಳು. ಸೂಜಿಯ ಕಣ್ಣಿಗೆ ದಾರದ ತುದಿ ತೋರಿಸುವಾಗಿನ ಅದೇ ಉಸಿರು. ಗುಂಡು ಎದುರಿನ ಕಾಗದದ ಕಪ್ಪು ವೃತ್ತದೊಳಗೆ ಹೋಯಿತು. ಎರಡನೆಯದೂ ಅದರ ಪಕ್ಕಕ್ಕೇ ಹೋಯಿತು. ಅವಳಿಗೆ ಖುಷಿಯಾಯಿತು, ಎಂಥ ಖುಷಿ ಅಂದರೆ ಮನೆಗೆ ಬಂದವಳು ಯಾರಿಗೂ ಹೇಳದೆ ಸ್ವಲ್ಪ ಹೊತ್ತು ಹಿತ್ತಿಲಲ್ಲಿ ಸುಮ್ಮನೆ ನಿಂತಿದ್ದಳು. ಆ ರೇಂಜಿನಲ್ಲಿ ಯಾರಿಗೂ ನಾಳೆಯೊಳಗೆ ಪ್ಯಾಂಟು ಬೇಕಿರಲಿಲ್ಲ, ಯಾರ ಸೊಂಟವನ್ನೂ ಮುಚ್ಚಿಡಬೇಕಿರಲಿಲ್ಲ. ಆ ತೂತು ಅವಳದು, ಪೂರ್ತಿ ಅವಳದು.

ಹೀಗೆ ಒಂದು ವರ್ಷ ಮುದುಕಪ್ಪನ ಸಹವಾಸ ನಡೆಯಿತು. ಕ್ಲಬ್ಬಿನ ನಿಯಮವೊಂದಿತ್ತು: ವರ್ಷ ತುಂಬಿದವರು ಕ್ಲಬ್ಬಿನ ಪಿಸ್ತೂಲನ್ನು ಹೊಸಬರಿಗೆ ಬಿಟ್ಟುಕೊಟ್ಟು ತಮ್ಮದೇ ಒಂದನ್ನು ಕೊಳ್ಳಬೇಕು. ಕೊಂಡ ಪಿಸ್ತೂಲಿಗೆ ಆರಂಭದಲ್ಲಿ ಸಿಗುವುದು ತಾತ್ಕಾಲಿಕ ಲೈಸೆನ್ಸು. ಮಳೆಗಾಲಕ್ಕೆ ರೇಂಜು ಮುಚ್ಚುವುದರೊಳಗೆ ಆ ಪಿಸ್ತೂಲಿನಿಂದಲೇ ಐದು ಗುಂಡು ಹೊಡೆದು, ಐದೂ ತೂತು ಒಂದು ಕಾಫಿ ಡಬ್ಬಿಯ ಮುಚ್ಚಳದಡಿ ಅಡಗುವಂತೆ ತೋರಿಸಬೇಕು. ಆ ಮುಚ್ಚಳ ಡಾಕ್ಟರಮ್ಮನ ಜೇಬಿನಲ್ಲೇ ಇರುತ್ತಿತ್ತು. ಅಡಗಿದರೆ ಅವರು ಬರೆದುಕೊಡುವ ಶಿಫಾರಸಿನ ಮೇಲೆ ಕಾಯಂ ಲೈಸೆನ್ಸು. ಇಲ್ಲವೋ, ಪಿಸ್ತೂಲು ಅಂಗಡಿಗೆ ವಾಪಸ್ಸು, ಹೊಡೆಯುವವರು ಮನೆಗೆ ವಾಪಸ್ಸು.

ಟೈಲರಮ್ಮ ಮನೆಯಲ್ಲಿ ವಿಷಯ ತೆಗೆದದ್ದು ಊಟದ ಹೊತ್ತಿಗೆ.

"ನಾನೊಂದು ಪಿಸ್ತೂಲು ತಗೋಬೇಕು ಅಂತಿದ್ದೀನಿ."

ಮೇಷ್ಟ್ರ ಕಾಲು ಮೇಜಿನಡಿ ಟಪ್ಪನೆ ಬ್ರೇಕು ಒತ್ತಿತು.

ಅತ್ತೆಗೆ ಕಿವಿ ಸ್ವಲ್ಪ ಮಂದ, ಆದರೆ ಬೇಕಾದ್ದು ಕೇಳಿಸುತ್ತಿತ್ತು. "ಯಾರನ್ನ ಹೊಡೀಬೇಕು ಅಂತಿದ್ದೀಯಮ್ಮಾ?" ಎಂದು ಆಸಕ್ತಿಯಿಂದ ವಿಚಾರಿಸಿದರು.

"ಕಾಗದಾನ, ಅತ್ತೆ."

"ಅಷ್ಟೇನಾ?" ಅತ್ತೆಗೆ ತುಸು ನಿರಾಸೆಯಾದಂತೆ ಕಂಡಿತು. "ತಗೋ. ಬಂದಾಗಿಂದ ಏನೂ ಕೇಳ್ದೋಳಲ್ಲ ನೀನು."

"ಅಮ್ಮಾ, ಅದೇನು ಕೊಡೆಯಾ, ತಗೋ ಅಂದುಬಿಡೋಕೆ?" ಎಂದರು ಮೇಷ್ಟ್ರು. "ಮನೇಲಿ ಅಂಥ ಸಾಮಾನು ಇಟ್ಕೊಂಡು ನಾನು ಹೇಗೆ ಮಲಗ್ಲಿ?"

"ಈಗ ಮಲಗಿದಾಗ ಮಾಡೋದನ್ನೇ ಮಾಡಿ, ಬ್ರೇಕ್ ಒತ್ತಿ" ಎಂದಳು ಟೈಲರಮ್ಮ. ಆಮೇಲೆ ಮೆತ್ತಗಾಗಿ, ಕಬ್ಬಿಣದ ಪೆಟ್ಟಿಗೆಯನ್ನು ಗೋಡೆಗೆ ಬಿಗಿಸುವುದಾಗಿಯೂ, ಪಿಸ್ತೂಲು ಒಂದು ಕಡೆ ಗುಂಡು ಇನ್ನೊಂದು ಕಡೆ ಬೀಗದಲ್ಲಿ ಇರುವುದಾಗಿಯೂ, ಬೀಗವನ್ನು ಪಕ್ಕದಂಗಡಿಯವನೇ ಆರಿಸಿಕೊಡುವುದಾಗಿಯೂ ವಿವರಿಸಿದಳು. ಮೇಷ್ಟ್ರು ಒಪ್ಪಲಿಲ್ಲ, ಬೇಡವೆಂದೂ ಹೇಳಲಿಲ್ಲ. ಆರಿಸುವಾಗ ತಾವೂ ಬರುವುದಾಗಿ ಹೇಳಿದರು. ತಾವು ಪಕ್ಕದಲ್ಲಿ ಕೂರದೆ ಯಾರೂ ಏನನ್ನೂ ಓಡಿಸಬಾರದೆಂಬುದು ಅವರ ತತ್ವ.

ಬಂದೂಕಿನಂಗಡಿಯವನನ್ನು ಊರೆಲ್ಲ ಮೀಸೆ ಎಂದೇ ಕರೆಯುತ್ತಿತ್ತು, ನೋಡಿದವರು ಕಾರಣ ಕೇಳುತ್ತಿರಲಿಲ್ಲ. ಮೀಸೆ ಹಸಿರು ಬಟ್ಟೆ ಹಾಸಿದ ಗಾಜಿನ ಮೇಜಿನ ಮೇಲೆ ಮೊದಲು ಇಟ್ಟದ್ದು ಒಂದು ದಪ್ಪ ರಿವಾಲ್ವರು. ಅದರ ತಿರುಗಣೆ ತೆರೆದು ಗುಂಡಿನ ಆರೂ ಮನೆ ಖಾಲಿ ಇರುವುದನ್ನು ಇಬ್ಬರಿಗೂ ತೋರಿಸಿದ.

"ಮೊದಲನೇದು ಅಂದ್ರೆ ಇದೇ ಸಾರ್. ಯಾವತ್ತೂ ಕೈಕೊಡಲ್ಲ. ಶಬ್ದ ಕೇಳಿದ್ರೆ ಎದೆ ಝಲ್ಲನ್ಬೇಕು."

"ತಗೊಳ್ತಿರೋಳು ನಾನು" ಎಂದಳು ಟೈಲರಮ್ಮ.

ಮೀಸೆ ರಿವಾಲ್ವರನ್ನು ಅವಳ ಕಡೆ ತಿರುಗಿಸಿದ. ಮೇಷ್ಟ್ರು ಬಗ್ಗಿ ಸುತ್ತಲೂ ಪರೀಕ್ಷಿಸಿ, "ಇದಕ್ಕೆ ಬ್ರೇಕ್ ಎಲ್ಲಿ?" ಎಂದರು.

ಟೈಲರಮ್ಮ ಅದನ್ನೆತ್ತಿ ಗೋಡೆಯ ಕಡೆ ಹಿಡಿದಳು. ತೋರುಬೆರಳಿನ ತುದಿ ಮಾತ್ರ ಹೇಗೋ ಟ್ರಿಗರಿಗೆ ತಾಕಿತು. ಸರಿಯಾಗಿ ತಾಕಿಸಲು ಹೋದರೆ ಹಿಡಿ ಅಂಗೈಯಲ್ಲಿ ಪಕ್ಕಕ್ಕೆ ಹೊರಳಿತು. ಅತ್ತೆಯ ಕತ್ತರಿ ನೆನಪಾಯಿತು, ಮಣಿಕಟ್ಟೂ ಅದನ್ನು ನೆನಪಿಸಿಕೊಂಡಿತು. ಅವಳು ರಿವಾಲ್ವರು ಕೆಳಗಿಟ್ಟು ಕೊರಳಿನ ಟೇಪು ತೆಗೆದಳು. ಹಿಡಿಯ ಬೆನ್ನಿನಿಂದ ಟ್ರಿಗರಿನವರೆಗೆ ಅಳೆದಳು. ಹಿಡಿಯ ಸುತ್ತಳತೆ ನೋಡಿದಳು. ಆಮೇಲೆ ಟೇಪನ್ನು ತನ್ನ ಕೈಗೆ ಸುತ್ತಿಕೊಂಡಳು, ಹೆಬ್ಬೆರಳಿನ ಸಂದಿನಿಂದ ತೋರುಬೆರಳಿನ ಮೊದಲ ಗೆರೆಯವರೆಗೆ. ತನ್ನ ಮೈಯ ಅಳತೆ ತಾನೇ ತೆಗೆದದ್ದು ಅದೇ ಮೊದಲು. ಅದು ಹೊಳೆದು ಅವಳಿಗೆ ಒಂಥರಾ ನಾಚಿಕೆಯಾಯಿತು.

"ಈ ಕೋಟಿನ ಭುಜ ಇಳಿಬಿದ್ದಿದೆ" ಎಂದಳು. "ಬೇರೆ ತೋರ್ಸಿ."

ಮೀಸೆ ಇನ್ನೊಂದು ತೆಗೆದ, ಮತ್ತೊಂದು ತೆಗೆದ. ಪೊಲೀಸರು ಸೊಂಟಕ್ಕೆ ಕಟ್ಟುವಂಥದ್ದು ಒಂದು, ಅಂಗೈಯಲ್ಲಿ ಮಾಯವಾಗುವಷ್ಟು ಪುಟ್ಟದು ಒಂದು. ಪುಟ್ಟದು ಮುದ್ದಾಗಿತ್ತು, ಆದರೆ ಗುರಿಯಿಡಲು ಮೇಲೆ ಹಿಂದೊಂದು ಮುಂದೊಂದು ಇರುವ ಎರಡು ಮೊನೆಗಳ ನಡುವೆ ಅಂತರ ತೀರಾ ಕಡಿಮೆ. ಕೈ ಕೂದಲೆಳೆಯಷ್ಟು ಅಲುಗಿದರೂ ಗುಂಡು ಎತ್ತಲೋ ಹೋಗುತ್ತದೆಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಅವರೇ ಹೇಳಿಕೊಟ್ಟಿದ್ದ ಇನ್ನೊಂದು ಪರೀಕ್ಷೆಯನ್ನೂ ಟೈಲರಮ್ಮ ಬಿಡದೆ ಮಾಡಿದಳು. ಕಣ್ಣು ಮುಚ್ಚುವುದು, ಖಾಲಿ ಪಿಸ್ತೂಲನ್ನು ಗೋಡೆಯ ಒಂದು ಚುಕ್ಕಿಗೆ ಎತ್ತುವುದು, ಆಮೇಲೆ ಕಣ್ಣು ತೆರೆಯುವುದು. ಎರಡು ಮೊನೆಗಳೂ ತಾವಾಗಿ ಒಂದೇ ಸಾಲಿಗೆ ಬಂದಿದ್ದರೆ ಅದು ನಿಮ್ಮ ಕೈಯದು. ಬಂದಿಲ್ಲವೋ, ಎಷ್ಟೇ ಚಂದವಿದ್ದರೂ ಅದು ಬೇರೆಯವರದು.

ಕಪಾಟಿನ ಮೂಲೆಯಿಂದ, ಬೇಡದ ಮನಸ್ಸಿನಿಂದ, ಮೀಸೆ ಕೊನೆಗೆ ತೆಗೆದದ್ದು ಉದ್ದ ನಳಿಕೆಯ, ತೆಳು ಮರದ ಹಿಡಿಯ ಒಂದು ಪಾಯಿಂಟ್ ಟೂ ಟೂ. ಟೈಲರಮ್ಮ ಕಣ್ಣು ಮುಚ್ಚಿ ಎತ್ತಿದಳು, ತೆರೆದಳು. ಮೊನೆಗಳು ಒಂದರೊಳಗೊಂದು ಕೂತಿದ್ದವು. ಇಳಿಸಿ ಇನ್ನೊಮ್ಮೆ ಎತ್ತಿದಳು, ಆಗಲೂ ಕೂತಿದ್ದವು. ಹುಟ್ಟಿದಂದಿನಿಂದ ಅವಳ ಅಳತೆಗೆ ಸರಿಯಾಗಿ ಬಂದ ವಸ್ತು ಅದೊಂದೇ ಅಂದರೆ ನೀವು ನಗಬಾರದು.

"ಇದು ಕಲಿಯೋರ್ದು ಮೇಡಂ, ಎರಡು ದಿನಕ್ಕೆ ಬೇಜಾರಾಗತ್ತೆ" ಎಂದ ಮೀಸೆ.

"ನಾನು ಕಲಿಯೋಳೇ. ಕಟ್ಟಿ."

ಗುಂಡಿನ ವಿಷಯಕ್ಕೆ ಮೀಸೆಯ ಉತ್ಸಾಹ ಮತ್ತೆ ಚಿಗುರಿತು. ಜೋರಾಗಿ ಹೋಗುವುದು ಕೊಡಲೇ, ತಾಕಿದೊಡನೆ ಅರಳುವ, ತುದಿ ತೋಡಿದ್ದು ಕೊಡಲೇ ಎಂದು ಕೇಳಿದ. ಕಾಗದಕ್ಕೆ ತೂತು ಬಿದ್ದರೆ ಸಾಕು, ಕಾಗದ ಓಡಿಹೋಗುವುದಿಲ್ಲ ಎಂದಳು ಟೈಲರಮ್ಮ. ಅವಳಿಗೆ ಬೇಕಿದ್ದದ್ದು ಮಾಮೂಲಿ ವೇಗದ, ಗುಂಡುತಲೆಯ ಸೀಸದ ಗುಂಡು. ಅದರಲ್ಲೂ ಹಸಿರು ಡಬ್ಬಿಯದು, ಹಳದಿ ಡಬ್ಬಿಯದು, ನೀಲಿ ಡಬ್ಬಿಯದು ಎಂದು ಮೂರು ಕಂಪನಿ. ಒಂದೊಂದು ನಳಿಕೆಗೆ ಒಂದೊಂದು ಒಗ್ಗುತ್ತದೆ, ಸ್ವಲ್ಪಸ್ವಲ್ಪ ಕೊಂಡು ಹೊಡೆದು ನೋಡಿ, ಒಗ್ಗಿದ್ದನ್ನು ಒಂದೇ ಸಲ ತಯಾರಾದದ್ದನ್ನೇ ನೋಡಿ ಹೆಚ್ಚಿಗೆ ತಂದಿಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಟೈಲರಮ್ಮನಿಗೆ ಇದು ಹೇಳಿಸಿಕೊಳ್ಳುವ ಮಾತೇ ಅಲ್ಲ. ಕೋಟಿನ ಮೈಗೂ ತೋಳಿಗೂ ಒಂದೇ ಥಾನಿನ ಬಟ್ಟೆ ಹಾಕದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿಲ್ಲವೇ.

ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ.

ಮೊದಲ ಭಾನುವಾರ ಹಸಿರು ಡಬ್ಬಿ. ಐದು ಗುಂಡು ಹೊಡೆದಳು. ಡಾಕ್ಟರಮ್ಮ ಮುಚ್ಚಳ ಇಟ್ಟು ನೋಡಿದರೆ ಎರಡು ತೂತು ಹೊರಗೆ ಇಣುಕುತ್ತಿದ್ದವು. "ಹೊಸದು, ಕೈ ಕೂರ್ಬೇಕು" ಎಂದರು. ಮುಂದಿನ ವಾರ ಹಳದಿ. ಮೂರು ಹೊರಗೆ. ಅದರ ಮುಂದಿನ ವಾರ ನೀಲಿ ಡಬ್ಬಿ ತೆಗೆದರೆ ತೂತುಗಳು ಒಂದಕ್ಕೊಂದು ಮುನಿಸಿಕೊಂಡವರಂತೆ ದೂರದೂರ ಕೂತಿದ್ದವು. ಮನಸ್ಸು ತಡೆಯದೆ ಮುದುಕಪ್ಪನನ್ನು ಕೇಳಿ ಪಡೆದು ಅದೇ ನೀಲಿ ಡಬ್ಬಿಯಿಂದ ಐದು ಹೊಡೆದಳು. ಐದೂ ಮುಚ್ಚಳದಡಿ ತೆಪ್ಪಗೆ ಅಡಗಿದವು. ಅವಳ ಮುಖ ಸಪ್ಪೆಯಾಯಿತು. ಒರಟು ಹಿಡಿಯ, ಮಸಿ ತುಂಬಿದ, ಯಾರ್ಯಾರೋ ಬೆವರು ಒರೆಸಿದ ಪಿಸ್ತೂಲು ಹೇಳಿದಂತೆ ಕೇಳುತ್ತಿತ್ತು. ಅವಳ ಅಳತೆಗೆ ಕೂತದ್ದು, ಅವಳು ಮಗುವಿನಂತೆ ನೋಡಿಕೊಂಡದ್ದು ಮಾತ್ರ ಮೊಂಡಾಟ ಮಾಡುತ್ತಿತ್ತು.

ನೋಡಿಕೊಳ್ಳುವುದೆಂದರೆ ಸುಮ್ಮನೆ ಮಾತಿಗಲ್ಲ. ಸಂಜೆ ಅಂಗಡಿ ಮುಚ್ಚುವ ಮುಂಚೆ ಹೊಲಿಗೆ ಯಂತ್ರದ ಧೂಳು ಒರೆಸಿ ಸಂದುಗೊಂದಿಗೆಲ್ಲ ಎಣ್ಣೆ ಬಿಡುವುದು ಅತ್ತೆ ಹಾಕಿಕೊಟ್ಟ ಪದ್ಧತಿ. ಟೈಲರಮ್ಮ ಜ್ವರದಲ್ಲೂ ಅದನ್ನು ತಪ್ಪಿಸಿದವಳಲ್ಲ. ಪಿಸ್ತೂಲಿಗೂ ಅದೇ ಉಪಚಾರ ನಡೆಯಿತು. ಭಾನುವಾರ ರೇಂಜಿನಿಂದ ಬಂದವಳೇ ನಳಿಕೆಯೊಳಗೆ ಬ್ರಶ್ಶು ಹಾಕಿ ಉಜ್ಜಿ, ಬಟ್ಟೆ ಎಳೆದು, ಕನ್ನಡಿಯಂತೆ ಹೊಳೆಯಿಸಿ, ಒಳಗೂ ಹೊರಗೂ ಧಾರಾಳವಾಗಿ ಎಣ್ಣೆ ಸವರಿ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕೂತು, "ಹಾಂ, ಹಾಗೆ. ಕಬ್ಬಿಣಕ್ಕೆ ಎಣ್ಣೆ ಬೇಕು" ಎಂದು ತಲೆದೂಗುತ್ತಿದ್ದರು.

ಮೇಷ್ಟ್ರು ಪ್ರತಿ ಭಾನುವಾರವೂ ಜೊತೆಗೆ ಬರುತ್ತಿದ್ದರು. ಹಿಂದೆ ಕುರ್ಚಿ ಹಾಕಿಕೊಂಡು, ಕಿವಿಗೆ ಮುಚ್ಚಳ ಏರಿಸಿ ಕೂರುತ್ತಿದ್ದರು. ರೇಂಜಿನದು ಮರದ ಹಲಗೆಯ ನೆಲ. ಕಿವಿ ಮುಚ್ಚಿದ್ದರೂ ಟೈಲರಮ್ಮನ ಅಂಗಾಲಿಗೆ ಗೊತ್ತಾಗುತ್ತಿತ್ತು: ಅವಳು ಟ್ರಿಗರ್ ಮುಟ್ಟುವ ಹೊತ್ತಿಗೆ ಸರಿಯಾಗಿ ಹಲಗೆ ಮೆಲ್ಲಗೆ ಅದುರುತ್ತಿತ್ತು. ಬ್ರೇಕು! ಕೊನೆಗೆ ಅವಳಿಗೆ ಇದೇ ಕಾರಣವಿರಬೇಕು ಅನಿಸಿತು.

"ರೀ, ಇವತ್ತು ನೀವು ಹೊರಗಿರಿ. ನಿಮ್ಮ ಕಾಲಿಗೆ ನನ್ನ ಕೈ ಹೆದರ್ತಿದೆ."

ಮೇಷ್ಟ್ರು ಎದ್ದು ಇಟ್ಟಿಗೆ ಗೂಡಿನ ಬಳಿ ಹೋಗಿ ನಿಂತರು. ಅವಳು ಹಸಿರು ಡಬ್ಬಿ ಬಿಚ್ಚಿದಳು. ಎರಡು ತೂತು ಹೊರಗೆ. ಹೊರಗೆ ಬಂದಾಗ ಗಂಡ ಅವಳ ಮುಖ ನೋಡಿಯೇ ತಿಳಿದುಕೊಂಡರು. "ಹಾಗಾದ್ರೆ ನನ್ನ ಕಾಲಲ್ಲ" ಎಂದರು. ಹಂಗಿಸಲಿಲ್ಲ, ಪಾಪ, ತಮ್ಮ ಕಾಲೇ ಕಾರಣವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂಬಂತೆ ಹೇಳಿದರು.

ಮೀಸೆಯ ಅಂಗಡಿಗೆ ಸುದ್ದಿ ಮುಟ್ಟಿತು. ಅವನು ಪ್ಯಾಂಟಿನ ಝಿಪ್ಪು ಹಾಕಿಸುವ ನೆಪದಲ್ಲಿ ಬಂದು, ಪಿಸ್ತೂಲು ಕೈಗೆ ಹೊಂದಲಿಲ್ಲವೆಂದರೆ ತಾನು ವಾಪಸ್ಸು ತೆಗೆದುಕೊಳ್ಳುವುದಾಗಿಯೂ, ಆ ದಪ್ಪ ರಿವಾಲ್ವರು ಇನ್ನೂ ಕಪಾಟಿನಲ್ಲೇ ಇರುವುದಾಗಿಯೂ ಹೇಳಿಹೋದ. ಡಾಕ್ಟರಮ್ಮನೂ ಮೆಲ್ಲಗೆ ಹೇಳಿದರು: "ಇನ್ನು ಒಂದೇ ಭಾನುವಾರ ಉಳಿದಿದೆ. ಬೇಕಾದ್ರೆ ಮೊದಲು ಮಣ್ಣಿನ ದಿಬ್ಬಕ್ಕೆ ನಾಲ್ಕು ಗುಂಡು ಟ್ರಯಲ್ ಹೊಡ್ಕೊಳ್ಳಿ, ನಿಯಮದಲ್ಲಿ ಅವಕಾಶ ಇದೆ. ಮೊದಲಿಂದ ಹೇಳ್ತಾನೇ ಇದ್ದೀನಿ."

"ಬೇಡ ಡಾಕ್ಟ್ರೇ. ಸುಮ್ನೆ ಮಣ್ಣಿಗೆ ಯಾಕೆ ಹಾಳು ಮಾಡ್ಲಿ? ಬಟ್ಟೆಗೆ ಒಂದೇ ಸಲ ಕತ್ತರಿ ಹಾಕೋಳು ನಾನು."

ಇದು ಅವಳ ಹೆಮ್ಮೆ. ಅಂಗೈಯಗಲದ ಬಟ್ಟೆಯನ್ನೂ ವ್ಯರ್ಥ ಮಾಡದ ಕೈ ಅದು, ಗುಂಡು ವ್ಯರ್ಥ ಮಾಡೀತೇ?

ಆ ವಾರವೆಲ್ಲ ಅವಳು ಕಳೆಗುಂದಿದ್ದಳು. ಗಿರಾಕಿಗಳ ಹತ್ತಿರ ತಮಾಷೆಯಿಲ್ಲ. ಪಿಸ್ತೂಲು ಹೋದರೆ ಹೋಗಲಿ, ಪ್ರಪಂಚ ಮುಳುಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಆದರೆ ಆ ಸಮಾಧಾನ ಒಳಗಿಳಿಯಲಿಲ್ಲ. ನನ್ನ ಅಳತೆಯೇ ಸರಿಯಿಲ್ಲವೇನೋ, ನನ್ನದು ಅಂತ ಆರಿಸಲು ಹೊರಟರೆ ನನಗೆ ಕಣ್ಣೇ ಕಾಣುವುದಿಲ್ಲವೇನೋ ಅನಿಸತೊಡಗಿತು. ಸೋಲಿಗಿಂತ ಅವಳನ್ನು ಹೆಚ್ಚು ನೋಯಿಸಿದ್ದು ಅದು.

ಶನಿವಾರ ಬೆಳಿಗ್ಗೆ ಅಂಗಡಿಗೆ ಬಂದಾಗ ಮೇಜಿನ ಮೇಲೆ ಒಂದು ಬಿಳಿ ಅಂಗಿ ಕಾಯುತ್ತಿತ್ತು, ಹಾಲಿನಷ್ಟು ಬಿಳಿ, ಔಷಧದಂಗಡಿಯವನದು. ಕಾಲರು ಕೂಡಿಸುವುದಷ್ಟೇ ಬಾಕಿ. ಟೈಲರಮ್ಮ ಯಂತ್ರದ ಮುಂದೆ ಕೂತಳು. ಮನಸ್ಸು ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ತಾನು ಬುಟ್ಟಿಗೆ ಹೋಗಿ ಒಂದು ಚಿಂದಿ ಎತ್ತಿಕೊಂಡಿತು, ಸೂಜಿಯಡಿ ಇಟ್ಟಿತು, ಕಾಲು ಪೆಡಲು ತುಳಿಯಿತು. ಕಟಕಟಕಟ. ಮೊದಲ ಗೇಣಿನ ಹೊಲಿಗೆಯ ಉದ್ದಕ್ಕೂ ಎಣ್ಣೆಯ ಕಪ್ಪು ಕಲೆ. ಹೊಲಿಗೆಯೂ ಸೊಟ್ಟ, ಒಂದು ಉದ್ದ ಒಂದು ಗಿಡ್ಡ. ಎರಡನೇ ಗೇಣಿಗೆ ಕಲೆ ಮಾಸಿತು. ಮೂರನೆಯದಕ್ಕೆ ಹೊಲಿಗೆ ಇರುವೆ ಸಾಲಿನಂತೆ ನೇರವಾಯಿತು. ನಿನ್ನೆ ಸಂಜೆ ಎಣ್ಣೆ ಕುಡಿದ ಯಂತ್ರ ಬೆಳಿಗ್ಗೆ ಮೊದಲು ಚಿಂದಿ ತಿನ್ನಬೇಕು, ಆಮೇಲೆಯೇ ಒಳ್ಳೆಯ ಬಟ್ಟೆ. ಇದೂ ಅತ್ತೆಯ ಪದ್ಧತಿಯೇ. ಇಷ್ಟು ವರ್ಷ ಪ್ರತಿ ಬೆಳಿಗ್ಗೆ ಯೋಚಿಸದೆ ಮಾಡಿಕೊಂಡು ಬಂದದ್ದು.

ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು.

ಚಿಂದಿಯನ್ನು ಕಣ್ಣಿನ ಹತ್ತಿರ ತಂದಳು. ದೂರ ಹಿಡಿದಳು. ಆಮೇಲೆ ನಗತೊಡಗಿದಳು, ಎಷ್ಟು ಜೋರಾಗಿ ಅಂದರೆ ಬೀಗದವನು ಕೈಯಲ್ಲಿ ಅರ ಹಿಡಿದುಕೊಂಡೇ ಓಡಿಬಂದ. "ಏನಾಯ್ತಕ್ಕಾ?"

"ಚಿಂದಿ ಕೊಟ್ಟೇ ಇಲ್ಲ ಕಣೋ ನಾನು ಅದಕ್ಕೆ! ವಾರವಾರ ಎಣ್ಣೆ ಕುಡಿಸಿ, ನೇರ ಬಿಳೀ ಅಂಗಿಗೆ ಹಾಕ್ತಿದ್ದೆ!"

ಅವನಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕ ಖುಷಿಯಾಗಿದ್ದಾಳೆ ಎಂದಷ್ಟೇ ತಿಳಿದುಕೊಂಡು ವಾಪಸ್ಸು ಹೋದ.

ಭಾನುವಾರ ರೇಂಜಿಗೆ ಬಂದವಳೇ ಡಾಕ್ಟರಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಕೇಳುತ್ತಾ ಕೇಳುತ್ತಾ ಹಣೆ ಚಚ್ಚಿಕೊಂಡರು.

"ನಳಿಕೆಯೊಳಗೆ ಎಣ್ಣೆ ಬಿಟ್ಕೊಂಡೇ ಬರ್ತಿದ್ರಾ? ಪ್ರತಿ ವಾರ? ಅಯ್ಯೋ ದೇವರೇ! ಮೊದಲ ಗುಂಡುಗಳು ಎಣ್ಣೇಲಿ ಜಾರಿ ಎತ್ತಲೋ ಹೋಗ್ತವೆ. ಒಳಗೆ ಸ್ವಲ್ಪ ಮಸಿ ಹಿಡಿದ ಮೇಲೇ ಅದು ದಾರಿಗೆ ಬರೋದು. ಮೇಲಾಗಿ ನಾನು ಹೇಳ್ದೆ ಅಂತ ನೀವು ವಾರವಾರ ಡಬ್ಬಿ ಬೇರೆ ಬದಲಾಯಿಸಿದ್ರಿ. ಒಂದೊಂದು ಕಂಪನಿಯ ಗುಂಡಿಗೂ ಮೇಲೆ ಒಂದೊಂದು ಥರದ ಮೇಣ ಇರತ್ತೆ, ಅದೂ ನಳಿಕೆಗೆ ಹೊಂದಿಕೊಳ್ಬೇಕು. ಎಣ್ಣೆ ಒರೆಸಿದ್ರಾ ಅಂತ ನಾನು ಒಮ್ಮೆ ಕೇಳಬೇಕಿತ್ತು."

"ನಾನು ಟ್ರಯಲ್ ಹೊಡೀಬೇಕಿತ್ತು" ಎಂದಳು ಟೈಲರಮ್ಮ.

ಇಬ್ಬರೂ ಪರಸ್ಪರ ನೋಡಿಕೊಂಡು ಅಲ್ಲಿಗೆ ಆ ಲೆಕ್ಕ ಚುಕ್ತಾ ಮಾಡಿದರು. ಟೈಲರಮ್ಮ ಒಣಬಟ್ಟೆಯಿಂದ ನಳಿಕೆಯೊಳಗಿನ ಎಣ್ಣೆಯನ್ನು ಹೀರಿ ತೆಗೆದಳು. ಹಸಿರು ಡಬ್ಬಿಯನ್ನೇ ಆರಿಸಿದಳು. ಇದ್ದುದರಲ್ಲಿ ಅದೇ ಕಡಿಮೆ ಮೊಂಡಾಟ ಮಾಡಿತ್ತು. ಪಕ್ಕದ ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಒಂದು, ಎರಡು, ಮೂರು ಎಂದು ಗುಂಡು ಹಾಳು ಮಾಡಿದಳು. ಒಂದೊಂದಕ್ಕೂ ಎಷ್ಟು ದುಡ್ಡು ಮಣ್ಣುಪಾಲಾಯಿತೆಂದು ಲೆಕ್ಕ ಹಾಕಿದಳು. ಮಣ್ಣು ಏಳುವ ಜಾಗ ಒಂದೇ ಆಗುವವರೆಗೆ ಹೊಡೆದು, ಪಿಸ್ತೂಲನ್ನು ಕೆಳಗಿಟ್ಟು, ಹೊಸ ಕಾಗದ ಕಟ್ಟಲು ಹೇಳಿದಳು.

ಹಿಂದಿನ ಕುರ್ಚಿಯಿಂದ ಮೇಷ್ಟ್ರು ಏಳಲು ಹೊರಟರು. "ನಾನು ಹೊರಗಿರ್ತೀನಿ."

"ಬೇಡ, ಕೂತಿರಿ" ಎಂದಳು. "ನೀವಿಲ್ದೆ ಅಭ್ಯಾಸ ಇಲ್ಲ."

ಕಿವಿ ಮುಚ್ಚಿಕೊಂಡಳು. ಕಣ್ಣು ಮುಚ್ಚಿ ಎತ್ತಿ, ತೆರೆದಳು. ಮೊನೆಗಳು ಕೂತಿದ್ದವು, ಅಂಗಡಿಯಲ್ಲಿ ಮೊದಲ ದಿನ ಕೂತಂತೆಯೇ. ಉಸಿರು ಅರ್ಧಕ್ಕೆ ನಿಂತಿತು. ಮೊದಲನೆಯದು ಹೋಯಿತು. ಎರಡನೆಯದು. ಮೂರನೆಯದಕ್ಕೆ ಬೆರಳು ಇಡುವಾಗ ಅವಳಿಗೆ ಏನೋ ಕಡಿಮೆಯಾದಂತೆ ಅನಿಸಿತು. ಏನೆಂದು ಯೋಚಿಸಲು ಅದು ಹೊತ್ತಲ್ಲ. ಅದನ್ನೂ, ನಾಲ್ಕನೆಯದನ್ನೂ, ಐದನೆಯದನ್ನೂ ಹೊಡೆದು, ಪಿಸ್ತೂಲು ಖಾಲಿಯಿರುವುದನ್ನು ಡಾಕ್ಟರಮ್ಮನಿಗೆ ತೋರಿಸಿ ಮೇಜಿನ ಮೇಲಿಟ್ಟಾಗ ಹೊಳೆಯಿತು. ಅಂಗಾಲಿನಡಿ ಹಲಗೆ ಒಮ್ಮೆಯೂ ಅದುರಿರಲಿಲ್ಲ.

ತಿರುಗಿ ನೋಡಿದಳು. ಮೇಷ್ಟ್ರು ಎರಡೂ ಕಾಲನ್ನು ನೆಲದಿಂದ ಎತ್ತಿ, ಕುರ್ಚಿಯ ಮೇಲೆ ಮಡಚಿಕೊಂಡು, ಬಲಗಾಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕೂತಿದ್ದರು. ಮುಖವೆಲ್ಲ ಬೆವರು. ಕಾಗದದ ಕಡೆ ಅವರು ನೋಡುತ್ತಲೇ ಇರಲಿಲ್ಲ, ಹೆಂಡತಿಯನ್ನೇ ನೋಡುತ್ತಿದ್ದರು.

ಡಾಕ್ಟರಮ್ಮ ಕಾಗದ ತಂದು ಮೇಜಿನ ಮೇಲೆ ಹಾಸಿದರು. ಜೇಬಿನಿಂದ ಮುಚ್ಚಳ ತೆಗೆದು ಇಟ್ಟರು. ಎಲ್ಲೂ ಏನೂ ಇಣುಕಲಿಲ್ಲ. ಸುಮ್ಮನೆ ಆಟಕ್ಕೆಂದು ಮುಚ್ಚಳವನ್ನು ಆ ಕಡೆ ಈ ಕಡೆ ಸರಿಸಿದರು, ಆಗಲೂ ಇಣುಕಲಿಲ್ಲ.

"ಲೈಸೆನ್ಸಿನ ಶಿಫಾರಸು ಯಾರ ಹೆಸರಿಗೆ ಬರೀಲಿ?" ಎಂದು ಕೇಳಿದರು, ಗೊತ್ತಿದ್ದೂ.

ಟೈಲರಮ್ಮ ಬಾಯಿ ತೆರೆಯುವ ಮೊದಲೇ ಕುರ್ಚಿಯಿಂದ ಉತ್ತರ ಬಂತು. ಮೇಷ್ಟ್ರು ಹೆಂಡತಿಯ ಹೆಸರನ್ನು ಒಂದೊಂದು ಅಕ್ಷರ ಬಿಡಿಸಿ, ಗಟ್ಟಿಯಾಗಿ, ಇಡೀ ರೇಂಜಿಗೆ ಕೇಳುವಂತೆ ಹೇಳಿದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಅದನ್ನು ಪೂರ್ತಿಯಾಗಿ ಅವಳು ಕೇಳಿದ್ದೇ ಇಲ್ಲ.

ಅವಳು ಕೊರಳಿನ ಟೇಪನ್ನು ತೆಗೆದು, ಯಾಕೆಂದು ಗೊತ್ತಿಲ್ಲದೆ, ಮತ್ತೆ ಕೊರಳಿಗೆ ಹಾಕಿಕೊಂಡಳು. ಆಮೇಲೆ ಗಂಡನ ಹತ್ತಿರ ಹೋಗಿ, "ಇನ್ನು ಕಾಲು ಬಿಡಿ, ಜೋಮು ಹಿಡಿಯತ್ತೆ" ಎಂದಳು.